ಹಲಸಿನಹಣ್ಣು ಹಿಂದೆ ಇಟ್ಟದ್ದು ನಾನೇ

ಕಳೆದ ಮೇ ತಿಂಗಳಲ್ಲಿ ನಮ್ಮ ಮಣಿಪಾಲದ ಮನೆಯಂಗಳಕ್ಕೆ ಒಂದು ಪುಟ್ಟ ಮನೆ ಬಂದು ನಿಂತಿತು. ಗೋಡೆ, ಕಿಟಕಿ, ಬಾಗಿಲು ಎಲ್ಲ ಇವೆ. ಒಳಗೆ ಇಬ್ಬರು ಮಲಗುವಷ್ಟು ಹಾಸಿಗೆ, ಒಂದು ಮೊಳದ ಅಡುಗೆಕಟ್ಟೆ. ಕೆಳಗೆ ಎರಡೇ ಎರಡು ಚಕ್ರ. ಎಂಜಿನ್ ಮಾತ್ರ ಇಲ್ಲ. ಮುಂದೆ ಉದ್ದಕ್ಕೆ ಚಾಚಿದ ಕಬ್ಬಿಣದ ಮೂತಿ, ಅದರ ತುದಿಯಲ್ಲಿ ಕಾರಿನ ಬೆನ್ನಿಗೆ ಸಿಕ್ಕಿಸುವ ಕೊಂಡಿ.

"ಎಂತ ಮಾರಾಯಾ ಇದು?" ಎಂದೆ ಮಗನಿಗೆ.

"ಟ್ರೇಲರ್ ಅಪ್ಪಾ. ಮೆಲ್ಬರ್ನ್‌ನಲ್ಲಿ ನಾವು ಇದನ್ನೇ ಎಳೆದುಕೊಂಡು ಊರೂರು ಸುತ್ತುತ್ತಿದ್ದದ್ದು. ಇಲ್ಲಿ ಸೆಕೆಂಡ್ ಹ್ಯಾಂಡ್ ಒಂದು ಸಿಕ್ಕಿತು."

ಅವನು ಆಸ್ಟ್ರೇಲಿಯಾದಿಂದ ಮರಳಿ ಎರಡು ವರ್ಷ. ಅವನದ್ದು ಮಧ್ಯಮ ಗಾತ್ರದ ಎಸ್‌ಯುವಿ. ಅದಕ್ಕೆ ಈ ಪುಟ್ಟ ಮನೆ ಕಟ್ಟಿ ಕಾಪು ಕಡಲತೀರದ ಬಳಿ ಒಂದು ರಾತ್ರಿ, ಕಾರ್ಕಳದ ನನ್ನ ತಮ್ಮನ ಮನೆಯಂಗಳದಲ್ಲಿ ಒಂದು ರಾತ್ರಿ ಎಂದು ಯೋಜನೆ. ಟ್ರೇಲರಿಗೂ ಆರ್‌ಟಿಒದಲ್ಲಿ ಪ್ರತ್ಯೇಕ ನೋಂದಣಿ ಆಗಬೇಕು, ಜತೆಗೆ ಎಳೆಯುವ ಗಾಡಿಯ ನಂಬರೂ ಅದರ ಹಿಂದೆ ಕಾಣಬೇಕು ಎಂದು ಮಗ ಹೇಳಿದಾಗಲೇ ನನಗೆ ತಿಳಿದದ್ದು. ಆರನೇ ಕ್ಲಾಸಿನ ಮೊಮ್ಮಗಳು ಆಗಲೇ ಒಳಗೆ ಹೊಕ್ಕು ಕಿಟಕಿಯಿಂದ ಕೈಬೀಸುತ್ತಿದ್ದಳು. "ನಾನು ಇದರಲ್ಲೇ ಕೂತು ಬರ್ತೇನೆ" ಎಂದು ಹಠ. ಅದೊಂದಕ್ಕೆ ಮಗ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಓಡುವ ಟ್ರೇಲರಿನೊಳಗೆ ಯಾರೂ ಇರಕೂಡದು. ಆ ಹಠಕ್ಕೆ ಅವನು ಮಣಿಯದೆ ಇದ್ದದ್ದು ಎಷ್ಟು ದೊಡ್ಡ ಪುಣ್ಯ ಎಂದು ನಮಗೆ ತಿಳಿದದ್ದು ಮರುದಿನ.

ಟ್ರೇಲರಿನ ಬಾಗಿಲು ಇದ್ದದ್ದು ಹಿಂಬದಿಗೆ. ಹಾಗಾಗಿ ಸಾಮಾನೆಲ್ಲ ಹಿಂದೆಯೇ ಸೇರಿತು. ಇಪ್ಪತ್ತು ಲೀಟರಿನ ನಾಲ್ಕು ನೀರಿನ ಕ್ಯಾನು, ಪಾತ್ರೆಯ ಪೆಟ್ಟಿಗೆ, ಮಡಚುವ ಕುರ್ಚಿಗಳು. ಕಡೆಗೆ ನಾನು ನಮ್ಮ ಹಿತ್ತಿಲಿನ ಮೂರು ಹಲಸಿನಹಣ್ಣು ತಂದು ಬಾಗಿಲ ಬಳಿಯೇ ಒರಗಿಸಿದೆ. "ಕಾರ್ಕಳಕ್ಕೆ ಹಲಸು ಹೊತ್ತುಕೊಂಡು ಹೋಗುವವರು ನೀವೊಬ್ಬರೇ" ಎಂದು ನನ್ನವಳು ನಕ್ಕಳು. ಮಗ ಕೊಂಡಿ ಸಿಕ್ಕಿಸುವಾಗ ಮೂತಿಯನ್ನು ಒಂದೇ ಕೈಯಲ್ಲಿ ಹೂವಿನಂತೆ ಎತ್ತಿದ. "ನೋಡಿ, ಎಷ್ಟು ಹಗುರ!" ಎಂದ.

ಆಗಲೇ ನನ್ನೊಳಗೆ ಏನೋ ಚುಚ್ಚಿತು. ಆದರೆ ಬಾಯಿಬಿಡಲಿಲ್ಲ. ಅವನು ಎಂಜಿನಿಯರ್, ಹೊರದೇಶದಲ್ಲಿ ಎಳೆದು ಪಳಗಿದವನು. ನಾನು ಸಮಾಜ ಪಾಠ ಮಾಡಿ ನಿವೃತ್ತನಾದ ಮೇಷ್ಟ್ರು. ನಮ್ಮ ವಯಸ್ಸಿನವರಿಗೆ ಈ ಮೌನ ಅಭ್ಯಾಸವಾಗಿಬಿಟ್ಟಿರುತ್ತದೆ, ಅಲ್ವಾ?

ಬಲಾಯಿಪಾದೆ ದಾಟಿ, ಉದ್ಯಾವರದ ಸೇತುವೆ ದಾಟುವವರೆಗೂ ಎಲ್ಲ ಸುಖವಾಗಿತ್ತು. ಕಟಪಾಡಿಗೆ ಇನ್ನೇನು ಸ್ವಲ್ಪ ದೂರ ಎನ್ನುವಾಗ ಬಲಗಡೆಯಿಂದ ಒಂದು ಎಕ್ಸ್‌ಪ್ರೆಸ್ ಬಸ್ಸು ಭರ್ರನೆ ನಮ್ಮನ್ನು ಹಿಂದೆ ಹಾಕಿತು. (ಮಂಗಳೂರು–ಉಡುಪಿ ರಸ್ತೆಯ ಬಸ್ಸುಗಳ ಅವಸರ ನಿಮಗೆ ಗೊತ್ತೇ ಇದೆ, ಹೊಸದಾಗಿ ವರ್ಣಿಸುವುದಿಲ್ಲ.) ಅದರ ಗಾಳಿ ಬಡಿದದ್ದೇ ತಡ, ಬೆನ್ನ ಹಿಂದಿನ ಮನೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಓಲಾಡತೊಡಗಿತು. ಒಂದು ಓಲಾಟಕ್ಕಿಂತ ಇನ್ನೊಂದು ದೊಡ್ಡದು. ಅದರ ಜತೆಗೆ ಕಾರಿನ ಹಿಂಭಾಗವೂ ಜಾರತೊಡಗಿತು. ನನ್ನವಳು "ಕೃಷ್ಣಾ" ಎಂದು ಕಣ್ಣು ಮುಚ್ಚಿದಳು. ಮೊಮ್ಮಗಳು ಅವಳ ಸೆರಗಿನೊಳಗೆ ಮುಖ ಹುದುಗಿಸಿದಳು.

ಮಗ ಬ್ರೇಕ್ ಒತ್ತಲಿಲ್ಲ. ಸ್ಟಿಯರಿಂಗನ್ನು ಆಚೀಚೆ ತಿರುಗಿಸಲೂ ಇಲ್ಲ. ನೇರವಾಗಿ ಗಟ್ಟಿ ಹಿಡಿದು, ಆಕ್ಸಿಲರೇಟರಿನಿಂದ ಮೆಲ್ಲಗೆ ಕಾಲು ತೆಗೆದ. ವೇಗ ಇಳಿಯುತ್ತ ಬಂದ ಹಾಗೆ ಓಲಾಟವೂ ಇಳಿಯಿತು. ಎಡಕ್ಕೆ ತಂದು ನಿಲ್ಲಿಸಿದ ಮೇಲೆ ಐದು ನಿಮಿಷ ಯಾರೂ ಮಾತಾಡಲಿಲ್ಲ. ಗಾಬರಿಯಲ್ಲಿ ಜೋರಾಗಿ ಬ್ರೇಕ್ ಒತ್ತಿದ್ದರೆ ಟ್ರೇಲರ್ ಕಾರನ್ನೇ ಅಡ್ಡಕ್ಕೆ ತಳ್ಳಿಬಿಡುತ್ತಿತ್ತು ಎಂದು ಅವನು ಆಮೇಲೆ ಹೇಳಿದ. ಹೇಳುವಾಗ ಅವನ ಕೈ ನಡುಗುತ್ತಿತ್ತು.

"ಹಿಂಭಾರ ಆಗಿದೆ" ಎಂದೆ ಕಡೆಗೂ.

"ಎಂತ ಹೇಳಿದ್ರಿ?"

ಆಗ ಹೇಳಿದೆ. ನನ್ನ ಅಪ್ಪನಿಗೆ ಕಾರ್ಕಳದಲ್ಲಿ ಎತ್ತಿನಗಾಡಿ ಇತ್ತು. ಅಕ್ಕಿಮುಡಿ ಪೇಟೆಗೆ ಸಾಗಿಸುತ್ತಿದ್ದರು. ಮುಡಿಗಳನ್ನು ಹೇರುವಾಗ ನಡುನಡುವೆ ಬಂದು ಮೂಕಿಯನ್ನು ಕೈಯಲ್ಲಿ ಎತ್ತಿ ನೋಡುತ್ತಿದ್ದರು. ಅಚ್ಚಿನ ಹಿಂದೆ ಭಾರ ಹೆಚ್ಚಾದರೆ ಮೂಕಿ ಮೇಲೇಳುತ್ತದೆ, ನೊಗ ಎದ್ದು ಎತ್ತುಗಳ ಕೊರಳಹಗ್ಗ ಬಿಗಿಯುತ್ತದೆ. ಮುಂದೆ ಹೆಚ್ಚಾದರೆ ಹೆಗಲು ಹುಣ್ಣಾಗುತ್ತದೆ. ಎರಡೂ ಆಗದ ಹಾಗೆ, ನೊಗ ಹೆಗಲ ಮೇಲೆ ಸ್ವಲ್ಪವೇ ಭಾರವಾಗಿ ಕೂತಿರಬೇಕು. ಏರಿನಲ್ಲಿ ಅಪ್ಪ ತಾವೇ ಮುಂದಕ್ಕೆ ಸರಿದು ಕೂರುತ್ತಿದ್ದರು, ಇಳಿಜಾರಿನಲ್ಲಿ ಹಿಂದಕ್ಕೆ. ಮಕ್ಕಳೇ, ಆಟದ ಬಯಲಿನ ಸೀಸಾ ನೆನಪಿಸಿಕೊಳ್ಳಿ. ಅಚ್ಚೆಂದರೆ ನಡುವಿನ ಕಂಬ, ಅಷ್ಟೆ.

ಮಗ ತಲೆಗೆ ಕೈಹೊತ್ತು ಕೂತ. "ಇದನ್ನೇ ಅಪ್ಪಾ ಅಲ್ಲಿ ಬಾಲ್ ವೈಟ್ ಅಂತ ಹೇಳ್ತಿದ್ರು. ಅವಸರದಲ್ಲಿ ಅಳೆಯಲೇ ಇಲ್ಲ ನಾನು."

ನಿಧಾನವಾಗಿ ಉರುಳಿಸಿಕೊಂಡು ಹೆದ್ದಾರಿ ಬದಿಯ ಒಂದು ವೇಬ್ರಿಡ್ಜಿಗೆ ಹೋದೆವು. ಟ್ರೇಲರ್ ಮಾತ್ರ ಬಿಚ್ಚಿ ತೂಗಿದಾಗ 640 ಕಿಲೋ. ಕಾಪು ತಲುಪಿ ಒಂದು ದಿನಸಿ ಅಂಗಡಿಯ ಮುಂದೆ ಚಕ್ರಗಳಿಗೆ ಕಲ್ಲು ಕೊಟ್ಟು, ಅಕ್ಕಿಮೂಟೆ ತೂಗುವ ತಕ್ಕಡಿಯ ಮೇಲೆ ಒಂದು ಮರದ ತುಂಡು ನಿಲ್ಲಿಸಿ, ಅದರ ಮೇಲೆ ಮೂತಿಯನ್ನು ಇಳಿಸಿದೆವು. ಬರೀ 22 ಕಿಲೋ! ಇಂಥ ಟ್ರೇಲರಿನ ಒಟ್ಟು ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಮೂತಿಯ ಮೇಲಿದ್ದರೆ ಓಟ ಸ್ಥಿರ ಎನ್ನುವುದು ರೂಢಿಯ ಲೆಕ್ಕ. ಎಳೆಯುವ ಕಾರಿನ ಕೈಪಿಡಿ ಹೇಳಿದ ಮಿತಿಯನ್ನೂ ಅದು ಮೀರಬಾರದು. ನಮ್ಮದು ನೂರಕ್ಕೆ ನಾಲ್ಕೂ ಇರಲಿಲ್ಲ.

ಮೊಮ್ಮಗಳು ಅಂಗಡಿಯವರ ಬಿಲ್ಲಿನ ಹಾಳೆಯ ಹಿಂಬದಿಯಲ್ಲಿ ಲೆಕ್ಕ ಹಾಕತೊಡಗಿದಳು. ಮೂತಿಯಿಂದ ಅಚ್ಚಿಗೆ ಮೂರು ಮೀಟರ್. ನೀರು ಇದ್ದದ್ದು ಅಚ್ಚಿನ ಹಿಂದೆ ಒಂದು ಮೀಟರ್. ಎಂಬತ್ತು ಕಿಲೋ ನೀರು ಅಲ್ಲಿ ಕೂತು ಮೂತಿಯನ್ನು ಸುಮಾರು 27 ಕಿಲೋದಷ್ಟು ಎತ್ತುತ್ತಿದೆ. ಕ್ಯಾನುಗಳನ್ನು ಅಚ್ಚಿಗಿಂತ ಅರ್ಧ ಮೀಟರ್ ಮುಂದಕ್ಕೆ ತಂದು ಕಟ್ಟಿದೆವು. ಹಲಸಿನ ಸರದಿ ಬಂತು. ಮೂರೂ ಸೇರಿ 24 ಕಿಲೋ. ಅಂಗಡಿಯವರಿಗೆ ಒಂದು, ರಾತ್ರಿ ಜಾಗ ಕೊಡುವ ತೋಟದವರಿಗೆ ಎರಡು ಎಂದು ಅಲ್ಲಿಯೇ ವಿಲೇವಾರಿಯಾಯಿತು. ಮತ್ತೆ ತೂಗಿದರೆ 70 ಕಿಲೋ. ಒಟ್ಟು ತೂಕ ಈಗ 616. ನೂರಕ್ಕೆ ಹನ್ನೊಂದು ಚಿಲ್ಲರೆ.

ಅವಳು ಪೆನ್ಸಿಲ್ ಕೆಳಗಿಟ್ಟು ನನ್ನ ಮುಖ ನೋಡಿದಳು. "ಅಜ್ಜ, ನಿಮಗೆ ಮನೆಯಲ್ಲೇ ಗೊತ್ತಾಗಿತ್ತಾ?"

"ಸ್ವಲ್ಪ ಗೊತ್ತಾಗಿತ್ತು ಮಗಾ."

"ಮತ್ತೆ ಯಾಕೆ ಹೇಳಲಿಲ್ಲ?"

ಮೂವತ್ತು ವರ್ಷ ಮಕ್ಕಳ ಪ್ರಶ್ನೆಗಳಿಗೆ ಉತ್ತರ ಕೊಟ್ಟವನು ನಾನು. ಇದಕ್ಕೆ ಉತ್ತರ ಸಿಗಲಿಲ್ಲ. ಅಪ್ಪನಿಗೆ ಬೇಸರ ಆದೀತೆಂದು ಎನ್ನಲೇ? ಹಲಸಿನಹಣ್ಣನ್ನು ಅಲ್ಲಿ ಇಟ್ಟವನೂ ನಾನೇ.

ಕಾಪುವಿನ ತೆಂಗಿನತೋಟದಲ್ಲಿ ಟ್ರೇಲರನ್ನು ಹಿಂದಕ್ಕೆ ನಡೆಸಿ ನಿಲ್ಲಿಸುವುದು ಇನ್ನೊಂದು ಯಕ್ಷಗಾನ. ಸ್ಟಿಯರಿಂಗ್ ಬಲಕ್ಕೆ ತಿರುಗಿಸಿದರೆ ಅದು ಎಡಕ್ಕೆ ಹೋಗುತ್ತದೆ. ಟ್ರೇಲರ್ ಗಿಡ್ಡವಾದಷ್ಟೂ ಬೇಗ ಮಡಚಿಕೊಳ್ಳುತ್ತದೆ. ತೋಟದ ಹಿರಿಯರು, ದೋಣಿಯಲ್ಲಿ ಹೋಗಿ ಬಂದವರು, ನೋಡಿ ನೋಡಿ ಸಾಕಾಗಿ, "ಚುಕ್ಕಾಣಿ ಹಿಡಿದ ಹಾಗೆ ಹಿಡೀರಿ" ಎಂದರು. ಮಗನಿಗೆ ಹೊಳೆಯಿತು. ಸ್ಟಿಯರಿಂಗಿನ ಕೆಳತುದಿಯನ್ನು ಹಿಡಿದ. ಈಗ ಕೈ ಯಾವ ಕಡೆಗೆ ಹೋದರೆ ಟ್ರೇಲರೂ ಆ ಕಡೆಗೇ. ಆ ರಾತ್ರಿ ಹೆಂಗಸರೂ ಮೊಮ್ಮಗಳೂ ಪುಟ್ಟ ಮನೆಯಲ್ಲಿ, ನಾವಿಬ್ಬರು ಹೊರಗೆ ಟೆಂಟಿನಲ್ಲಿ. 1901ರಲ್ಲಿ ಕಟ್ಟಿದ ದೀಪಸ್ತಂಭದ ಬೆಳಕು ತೆಂಗಿನ ಗರಿಗಳ ಮೇಲೆ ಹಾದುಹೋಗುವುದನ್ನು ನೋಡುತ್ತ ಮಲಗಿದೆವು. ಮಗನೂ ನಾನೂ ಹಾಗೆ ಪಕ್ಕಪಕ್ಕ ಮಲಗಿ ಎಷ್ಟು ವರ್ಷವಾಗಿತ್ತೋ.

ಮರುದಿನ ಶಿರ್ವ, ಬೆಳ್ಮಣ್ ದಾರಿಯಾಗಿ ಕಾರ್ಕಳ. ಇಳಿಜಾರುಗಳಲ್ಲಿ ಮಗ ಮೊದಲೇ ಕೆಳಗಿನ ಗೇರಿಗೆ ಇಳಿಸುತ್ತಿದ್ದ. ಎಳೆಯುವುದು ಎಂಜಿನಿಗೆ ಕಷ್ಟವಲ್ಲ, ಹಿಂದಿನಿಂದ ದೂಡಿಕೊಂಡು ಬರುವುದನ್ನು ತಡೆಯುವುದು ಕಷ್ಟ. ಯುರೋಪಿನಲ್ಲಿ 750 ಕಿಲೋ ದಾಟಿದ ಟ್ರೇಲರಿಗೆ ಅದರದ್ದೇ ಬ್ರೇಕ್ ಇರಲೇಬೇಕಂತೆ. ನಮ್ಮದಕ್ಕೆ ಇಲ್ಲ, ಹಾಗಾಗಿ ಗಂಟೆಗೆ ಐವತ್ತು ದಾಟಲಿಲ್ಲ.

ಸಂಜೆ ಬೆಟ್ಟ ಹತ್ತಿ 1432ರ ಬಾಹುಬಲಿಯ ಪಾದದ ಬಳಿ ಕೂತಾಗ ಮೊಮ್ಮಗಳಿಗೆ ಇನ್ನೊಂದು ಎಳೆತದ ಕಥೆ ಹೇಳಿದೆ. ಧರ್ಮಸ್ಥಳದಲ್ಲಿ ಈಗ ನಿಂತಿರುವ 39 ಅಡಿಯ ಬಾಹುಬಲಿಯನ್ನು ಕೆತ್ತಿದ್ದು ಇದೇ ಕಾರ್ಕಳದಲ್ಲಿ, ಶಿಲ್ಪಿ ರೆಂಜಾಳ ಗೋಪಾಲಕೃಷ್ಣ ಶೆಣೈ ಅವರ ಕೈಯಲ್ಲಿ. 1973ರಲ್ಲಿ ಅದನ್ನು ಮಲಗಿಸಿ, 64 ಚಕ್ರಗಳ ಟ್ರಾಲಿಯ ಮೇಲೆ ಧರ್ಮಸ್ಥಳಕ್ಕೆ ಎಳೆದೊಯ್ದರು. ನನಗಾಗ ಹತ್ತು ವರ್ಷ. ಅಪ್ಪನ ಹೆಗಲ ಮೇಲಿನಿಂದ ನೋಡಿದ ನೆನಪು. ಜನ ಚಪ್ಪಾಳೆ ತಟ್ಟುತ್ತಿದ್ದರೆ ಅಪ್ಪ ಮಾತ್ರ ಚಕ್ರಗಳನ್ನೇ ನೋಡುತ್ತಿದ್ದರು.

"ಎಷ್ಟು ಭಾರ ಇತ್ತು ಅಜ್ಜ?"

"ಸುಮಾರು 170 ಟನ್ ಅಂತ ಹೇಳ್ತಾರೆ."

ಅವಳು ಬೆರಳು ಮಡಚಿ, ನೆಲದಲ್ಲಿ ಗೀಚಿ, "ಒಂದೊಂದು ಚಕ್ರದ ಮೇಲೆ ಎರಡೂವರೆ ಟನ್ನಿಗಿಂತ ಜಾಸ್ತಿ!" ಎಂದಳು. ಟ್ರಾಲಿಯ ಸ್ವಂತ ತೂಕ ಬೇರೆ.

ಮೂರನೆಯ ದಿನ ಬೆಳಿಗ್ಗೆ ಹೊರಡುವಾಗ ತಮ್ಮನ ಹೆಂಡತಿ ಎರಡು ಹಲಸಿನಹಣ್ಣು ತಂದು ಅಂಗಳದಲ್ಲಿಟ್ಟಳು. ಎಲ್ಲರೂ ಅದನ್ನು ನೋಡಿದೆವು, ಆಮೇಲೆ ಒಬ್ಬರ ಮುಖವನ್ನೊಬ್ಬರು. ಮಗ ಕೊಂಡಿಯ ಬಳಿ ಬಗ್ಗಿ ನಿಂತು ಕರೆದ.

"ಅಪ್ಪಾ, ಒಮ್ಮೆ ಬಂದು ಮೂಕಿ ಎತ್ತಿ ನೋಡಿ."