ಕಿಟಕಿಯ ಎರಡು ಮುಖ

ಆಳಂದ, ಅಫಜಲಪುರ, ಜೇವರ್ಗಿಗಳ ಹಳೆಯ ಮನೆಗಳಲ್ಲಿ ಗೋಡೆ ಮೊಳದಷ್ಟು ದಪ್ಪ, ಕಿಟಕಿ ಮಾತ್ರ ಗೇಣಗಲ. ಅದಕ್ಕೂ ಮರದ ಕದ. ಒರೆಸಲು ಗಾಜೇ ಇರಲಿಲ್ಲ. ಈಗ ನಾವು ಆಳೆತ್ತರದ ಗಾಜು ಕೂಡಿಸಿದ್ದೇವೆ. ಸೀಮೆಯೋ ಎರೆಮಣ್ಣಿನದು. ತೊಗರಿ ರಾಶಿಯ ಕಾಲಕ್ಕೆ ಧೂಳು, ಹೊಟ್ಟು ಮೆತ್ತಿ ಎದುರಿನ ಬೇವಿನಮರವೂ ಮಸುಕಾಗುತ್ತದೆ. ಕೊಳವೆಬಾವಿಯ ಗಡಸುನೀರು ಹಾಕಿದರೆ ಧೂಳು ಹೋಗಿ ಬಿಳಿಯ ಕಲೆ ಉಳಿಯುತ್ತದೆ. ಆರುವ ಮುನ್ನ ಹಳೆಯ ಪತ್ರಿಕೆಯಿಂದ ತಿಕ್ಕಬೇಕು. ಈ ಪುರವಣಿಗೂ ಆ ಭಾಗ್ಯ ತಪ್ಪಿದ್ದಲ್ಲ.

ಯುಗಾದಿಯ ಮುಂಚೆ ಆಳಂದದ ನಮ್ಮ ಮನೆಗೆ ಹುಡುಗನೊಬ್ಬನನ್ನು ಕರೆಸಿದೆ.

"ಒಳಗಿಂದ ಒಂದ್ ಖಿಡಕಿಗಿ 50 ರೂಪಾಯಿರೀ. ಹೊರಗಿಂದ 100."

"ಗಾಜು ಒಂದೇ, ದರ ಎರಡ್ಯಾಕಪ್ಪ?"

"ಹೊರಗ ಸಜ್ಜಾದ ಮ್ಯಾಲ ನಿಂದರಬೇಕಲ್ರೀ, ಕಾಕಾ."

ಸಜ್ಜಾ ಎರಡು ಗೇಣು ಅಗಲ. ಕೆಳಗೆ ಶಹಾಬಾದ ಕಲ್ಲಿನ ಅಂಗಳ. ನನಗೆ ಚೌಕಾಸಿ ಮರೆತುಹೋಯಿತು. ಸೊಂಟಕ್ಕೆ ಹಗ್ಗವಿಲ್ಲದೆ ಹತ್ತಬೇಡವೆಂದೆ. ಹಗ್ಗ ಹಿಡಿಯಲು ಇನ್ನೊಬ್ಬ ಬೇಕು, ಅವನಿಗೂ ಕೂಲಿ. ಆರು ಕಿಟಕಿಗೆ 900, ಜೊತೆಯವನಿಗೆ 500. ಒಟ್ಟು 1,400 ರೂಪಾಯಿ.

ಮನೆ ಕಟ್ಟಿಸುವವರು ಗಾಜಿನ ಬೆಲೆ ಕೇಳುತ್ತಾರೆ, ಬಣ್ಣ ಕೇಳುತ್ತಾರೆ. ಒಳಗೆ ನಿಂತೇ ಅದರ ಹೊರಮೈ ಒರೆಸಲು ಕೈ ಎಟುಕುವುದೇ ಎಂದೂ ಮೇಸ್ತ್ರಿಯನ್ನು ಕೇಳುವುದು ಒಳ್ಳೆಯದು. ಎಟುಕದಿದ್ದರೆ, ನಮ್ಮ ನೋಟ ತಿಳಿಯಾಗಲೆಂದು ವರ್ಷವರ್ಷವೂ ಯಾರ ಮನೆಯ ಮಗನೋ ಸಜ್ಜಾದ ಮೇಲೆ ನಿಲ್ಲಬೇಕಾಗುತ್ತದೆ.