ಮುಪ್ಪಿಗೆ ಬೆಲೆ ಕಟ್ಟುವ ಊರು

ಕ್ಯೂಬಾ ದ್ವೀಪದ ರಾಜಧಾನಿ ಹವಾನಾ. ಊರಿನ ಉತ್ತರಕ್ಕೆ ಸಮುದ್ರ. ಸಮುದ್ರವನ್ನು ತಡೆದು ನಿಂತ ಒಡ್ಡುಗೋಡೆ. ಅದರ ಬದಿಯಲ್ಲಿ ಸುಮಾರು 8 ಕಿಲೋಮೀಟರು ಬಾಗಿ ಬಳುಕುತ್ತ ಸಾಗುವ ಮಾಲೆಕೋನ್ ಎಂಬ ವಿಶಾಲವಾದ ಬೀದಿ. ಗಾಳಿ ಎದ್ದ ದಿನ ಅಲೆಗಳು ಗೋಡೆಯನ್ನು ಹಾರಿ ಬೀದಿಯ ಮೇಲೆ ಚೆಲ್ಲುತ್ತವೆ. ಆ ಉಪ್ಪುನೀರಿನ ತುಂತುರಿನ ನಡುವೆ ಗುಲಾಬಿ, ಆಕಾಶನೀಲಿ, ಕಡುಗೆಂಪು ಬಣ್ಣ ತೊಟ್ಟ ಷೆವರ್‌ಲೆ, ಬ್ಯುಯಿಕ್, ಪ್ಲಿಮತ್ ಕಾರುಗಳು ಗಂಭೀರವಾಗಿ ಸಾಗಿ ಬರುವುದನ್ನು ಕಂಡ ಹೊಸಬನಿಗೆ, ತಾನು ಬಂದಿಳಿದದ್ದು 1955ನೆಯ ಇಸವಿಗೋ ಎಂಬ ಭ್ರಮೆ ಹುಟ್ಟಿದರೆ ಆಶ್ಚರ್ಯವಿಲ್ಲ.

ಊರಿನವರು ಈ ಕಾರುಗಳನ್ನು 'ಅಲ್ಮೆಂದ್ರೋನ್' ಎಂದು ಕರೆಯುತ್ತಾರೆ. ಅವರಾಡುವ ಸ್ಪ್ಯಾನಿಷ್ ನುಡಿಯಲ್ಲಿ ಹಾಗೆಂದರೆ ದೊಡ್ಡ ಬಾದಾಮಿ. ಉಬ್ಬಿದ ಮೈಕಟ್ಟಿಗೆ ಹೆಸರು ಚೆನ್ನಾಗಿ ಒಪ್ಪುತ್ತದೆ.

ಇಷ್ಟೊಂದು ಮುದಿ ಕಾರುಗಳು ಒಂದೇ ಊರಿನಲ್ಲಿ ಉಳಿದದ್ದೇಕೆ? 1959ರ ಜನವರಿಯಲ್ಲಿ ಫಿಡೆಲ್ ಕ್ಯಾಸ್ಟ್ರೋ ನಾಯಕತ್ವದ ಕ್ರಾಂತಿ ಗೆದ್ದಿತು. ನೆರೆಯ ಅಮೆರಿಕದೊಡನೆ ವಿರಸ ಬೆಳೆಯಿತು. 1960ರ ಅಕ್ಟೋಬರಿನಲ್ಲಿ ಅಮೆರಿಕ ತನ್ನ ರಫ್ತನ್ನು ಬಹುಮಟ್ಟಿಗೆ ನಿಲ್ಲಿಸಿತು. 1962ರ ಫೆಬ್ರವರಿಯಲ್ಲಿ ವ್ಯಾಪಾರದ ನಂಟನ್ನೇ ಕಡಿದುಕೊಂಡಿತು. ಅಂದಿನಿಂದ ಡೆಟ್ರಾಯಿಟ್ ನಗರದ ಹೊಸ ಕಾರು ಬರುವುದಿರಲಿ, ಹಳೆಯ ಕಾರಿಗೆ ಬೇಕಾದ ಬಿಡಿಭಾಗ ಬರುವುದೂ ನಿಂತಿತು. ಇದ್ದುದನ್ನೇ ರಿಪೇರಿ ಮಾಡಿ ಓಡಿಸುವುದೊಂದೇ ದಾರಿಯಾಯಿತು.

ಇದು ಎಲ್ಲರೂ ಬಲ್ಲ ಕಾರಣ. ಇದರ ಜೊತೆಗೆ ಇನ್ನೊಂದು ಇತ್ತು. ಆಮೇಲೆ ಸೋವಿಯತ್ ದೇಶದಿಂದ ಬಂದ ಲಾಡಾ, ಮಾಸ್ಕ್‌ವಿಚ್ ಕಾರುಗಳನ್ನು ಸರ್ಕಾರವೇ ಹಂಚುತ್ತಿತ್ತು. ಪಡೆದವನು ಅದನ್ನು ಓಡಿಸಬಹುದಾಗಿತ್ತು; ತನ್ನಿಚ್ಛೆಯಂತೆ ಮಾರುವಂತಿರಲಿಲ್ಲ. ಕ್ರಾಂತಿಗೆ ಮುಂಚಿನಿಂದ ದೇಶದಲ್ಲಿದ್ದ ಕಾರಿಗೆ ಮಾತ್ರ ಈ ಕಟ್ಟು ಇರಲಿಲ್ಲ. 2011ರ ಅಕ್ಟೋಬರಿನಲ್ಲಿ ಕಾನೂನು ಬದಲಾಗುವವರೆಗೂ ಹೀಗೆಯೇ ನಡೆಯಿತು. ಲೋಕದ ಉಳಿದೆಡೆ ವರ್ಷ ಕಳೆದಂತೆ ಕಾರಿನ ಬೆಲೆ ಇಳಿಯುತ್ತದೆ. ಹವಾನಾದಲ್ಲಿ ಅರ್ಧ ಶತಮಾನದ ಕಾಲ ಕಾರಿಗೆ ಮಾರಾಟದ ಹಕ್ಕನ್ನು ತಂದುಕೊಟ್ಟದ್ದೇ ಅದರ ಮುಪ್ಪು.

2014ರ ಜನವರಿಯಲ್ಲಿ ಸರ್ಕಾರಿ ಮಳಿಗೆಯಲ್ಲಿ ಹೊಸ ಕಾರನ್ನೂ ಯಾರು ಬೇಕಾದರೂ ಕೊಳ್ಳಬಹುದೆಂದಾಯಿತು. ಆಸೆಯಿಂದ ಹೋದವರು ಬೆಲೆಯ ಪಟ್ಟಿ ನೋಡಿ ದಂಗಾದರು. ಪ್ಯೂಜೋ 508 ಎಂಬ ಕಾರಿಗೆ ಸುಮಾರು 2,62,000 ಡಾಲರು! ಆಗ ಸರ್ಕಾರಿ ನೌಕರನ ಸರಾಸರಿ ಸಂಬಳ ತಿಂಗಳಿಗೆ 20 ಡಾಲರಿನ ಆಸುಪಾಸು. ಕೆಲವರು ಸಿಟ್ಟಾದರು, ಕೆಲವರು ನಕ್ಕರು; ಮನೆಗೆ ಮರಳಲು ಕೈಮಾಡಿ ನಿಲ್ಲಿಸಿದ್ದು ಮಾತ್ರ ಅದೇ ಹಳೆಯ ಅಲ್ಮೆಂದ್ರೋನನ್ನು.

ಇಂಥ ಕಾರಿನ ಹಿಂಬದಿಯ ಗಾಜಿಗೆ ಒಂದು ದಿನ 'ಸೆ ವೆಂದೆ' ಎಂಬ ಚೀಟಿ ಅಂಟುತ್ತದೆ. 'ಮಾರಾಟಕ್ಕಿದೆ' ಎಂದು ಅದರರ್ಥ. ಕೊಳ್ಳುವವನು ಬರುತ್ತಾನೆ, ಜೊತೆಗೆ ನಂಬಿಕೆಯ ಮೆಕ್ಯಾನಿಕ್ಕು. ಜಾತ್ರೆಯಲ್ಲಿ ಎತ್ತಿನ ಹಲ್ಲು ಬಿಡಿಸಿ ನೋಡುವ ರೈತನಂತೆ ಇಬ್ಬರೂ ಕಾರಿನ ಸುತ್ತ ಸುಳಿಯುತ್ತಾರೆ. ಬೆರಳ ಗೆಣ್ಣಿನಿಂದ ತಗಡನ್ನು ತಟ್ಟಿ, ಕಡಲಗಾಳಿಯ ತುಕ್ಕಿನ ಮೇಲೆ ಎಲ್ಲಿ ಲೇಪ ಮೆತ್ತಿದೆಯೆಂದು ಆಲಿಸುತ್ತಾರೆ. ಬಾನೆಟ್ಟು ಎತ್ತಿದಾಗ ಒಳಗುಟ್ಟು ಬಯಲಾಗುತ್ತದೆ. ಮೈ ಷೆವರ್‌ಲೆಯದು; ಎಂಜಿನ್ನು ಜಪಾನಿನ ಡೀಸೆಲ್ಲೋ, ರಷ್ಯಾದ ವೋಲ್ಗಾ ಕಾರಿನದೋ; ಇನ್ನೆಷ್ಟೋ ಭಾಗಗಳು ಓಣಿಯ ಕಮ್ಮಟದಲ್ಲಿ ಕೈಯಿಂದಲೇ ಕಡೆದವು. ಮಾರುವವನಿಗೆ ಇದರಿಂದ ನಾಚಿಕೆಯಿಲ್ಲ. ಕೀಲಿ ತಿರುವುತ್ತಾನೆ. ಕಾರು ಒಮ್ಮೆ ಕೆಮ್ಮಿ, ಕಪ್ಪು ಹೊಗೆ ಉಗುಳಿ, ನೆಟ್ಟಗೆ ಓಡತೊಡಗುತ್ತದೆ. ಅವನ ಪಾಲಿಗೆ ಅದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ.

ಅವನು ಮಾರುತ್ತಿರುವುದು ಬರಿಯ ಕಾರನ್ನಲ್ಲ. ಗೊತ್ತಾದ ದಾರಿಯಲ್ಲಿ ಜನರನ್ನು ತುಂಬಿಕೊಂಡು ಓಡಿ, ಇಲ್ಲವೇ 1929ರಲ್ಲಿ ಮುಗಿದ ಕ್ಯಾಪಿಟೋಲಿಯೋ ಸೌಧದ ಬಳಿ ನಿಂತು ಪ್ರವಾಸಿಗರನ್ನು ಊರು ಸುತ್ತಿಸಿ, ಆ ಕಾರು ಒಂದು ಸಂಸಾರವನ್ನೇ ಸಾಕಿದೆ. ಅಪ್ಪನಿಗೆ ಅನ್ನ ಕೊಟ್ಟು ಮಗನಿಗೂ ಕೊಟ್ಟ ಕಾರು ಅದು. ಓಡುವ ಕಾರನ್ನು ಮಾರುವುದೆಂದರೆ ಕರೆಯುವ ಹಸುವನ್ನು ಹೊಡೆದುಕೊಟ್ಟಂತೆ.

ಆದರೂ ಮಾರುತ್ತಾರೆ. ಈಚಿನ ವರ್ಷಗಳಲ್ಲಿ ಇಂಧನದ ಅಭಾವ ಹೆಚ್ಚಿತು, ಪ್ರವಾಸಿಗರು ಕಡಿಮೆಯಾದರು. 2021ರ ನವೆಂಬರಿನಲ್ಲಿ ನಿಕರಾಗ್ವ ದೇಶ ಕ್ಯೂಬನ್ನರಿಗೆ ವೀಸಾ ಬೇಡವೆಂದು ಸಾರಿದಾಗ ಹೊರಗೆ ಹೋಗಲು ಒಂದು ಬಾಗಿಲು ತೆರೆಯಿತು. ಮರುವರ್ಷ ಅಮೆರಿಕದ ಗಡಿ ತಲುಪಿದ ಕ್ಯೂಬನ್ನರು 2 ಲಕ್ಷಕ್ಕೂ ಹೆಚ್ಚು. ದಾರಿಯ ಖರ್ಚಿಗಾಗಿ ಮನೆ ಮಾರಿದವರುಂಟು, ಕಾರು ಮಾರಿದವರುಂಟು. ಹೀಗೆ, ಅಜ್ಜನ ಕಾಲಕ್ಕೆ ಅಮೆರಿಕದಿಂದ ಹಡಗೇರಿ ಬಂದ ಕಾರನ್ನು ಮಾರಿ ಮೊಮ್ಮಗ ಅಮೆರಿಕಕ್ಕೆ ಹೊರಡುತ್ತಾನೆ.

ನೋಟರಿಯ ಮುಂದೆ ರುಜು ಮುಗಿದ ಮೇಲೆ, ಹಣ ಎಣಿಸಿದ ಮೇಲೆ, ಮಾರಿದವನ ಮಾತು ಮುಗಿಯುವುದಿಲ್ಲ. ಬಲಗಡೆಯ ಬಾಗಿಲನ್ನು ತುಸು ಎತ್ತಿ ಮುಚ್ಚಬೇಕು; ಎರಡನೆಯ ಗೇರಿಗೆ ಹಾಕುವಾಗ ಅವಸರ ಕೂಡದು; ಮಳೆಗಾಲದಲ್ಲಿ ಬ್ರೇಕನ್ನು ಮುಂಚಿತವಾಗಿಯೇ ಒತ್ತಬೇಕು. ಮಗಳನ್ನು ಗಂಡನ ಮನೆಗೆ ಕಳಿಸುವ ತಂದೆಯಂತೆ ಅವನು ಒಂದೊಂದನ್ನೇ ನೆನೆದು ಹೇಳುತ್ತಾನೆ. ಕೊಂಡವನು ತಲೆದೂಗಿ ಕೀಲಿ ತಿರುವುತ್ತಾನೆ. ಬಾದಾಮಿಯಂಥ ಕಾರು ಮಾಲೆಕೋನಿನ ತಿರುವಿನಲ್ಲಿ ಮರೆಯಾಗುತ್ತದೆ. ಹಳೆಯ ಒಡೆಯ ಗೋಡೆಯ ಬಳಿ ನಿಂತು ಕಿವಿಗೊಡುತ್ತಾನೆ: ಎಂಜಿನ್ನಿನ ಸದ್ದು ಅಲೆಯ ಸದ್ದಿನಲ್ಲಿ ಬೆರೆತುಹೋಗುವವರೆಗೂ, ಅದು ಎಲ್ಲಿಯೂ ತಡವರಿಸುವುದಿಲ್ಲ.