ತಂದ ರೊಟ್ಟಿ, ಬಡಿದ ರೊಟ್ಟಿ

ನಮ್ಮ ಅಕ್ಕಲಕೋಟೆ ಕಡೆಯ ಮನೆಗಳಲ್ಲಿ ರೊಟ್ಟಿಯ ಬಗ್ಗೆ ಹೇಳುವ ಸುಳ್ಳಿಗೂ ಒಂದು ಕ್ರಮವಿದೆ. ಕೊಳ್ಳುವುದು ಮರಾಠಿಯಲ್ಲಿ, ಸುಳ್ಳು ಹೇಳುವುದು ಕನ್ನಡದಲ್ಲಿ. ಸಂಜೆ ಕೆಲಸ ಮುಗಿಸಿ ಬರುವ ಸೊಸೆ ದಾರಿಯಲ್ಲಿ ನಿಂತು “ಸಹಾ ಭಾಕರಿ ದ್ಯಾ, ಪಾತಳ ಬಘೂನ್ ದ್ಯಾ” ಅನ್ನುತ್ತಾಳೆ. ತೆಳ್ಳಗಿನವೇ ಆರಿಸಿ ತಂದ ಆ ಆರು ರೊಟ್ಟಿ ಮನೆಯ ಹಂಚಿನ ಮೇಲೆ ಎರಡೂ ಮಗ್ಗುಲು ಬಿಸಿಯಾಗಿ, ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಬುಟ್ಟಿಯಲ್ಲಿ ಕೂರುತ್ತವೆ. ಊಟಕ್ಕೆ ಕರೆಯುವಾಗ ಮಾತು ಬದಲಾಗುತ್ತದೆ: “ಈಗ ಬಡದೀನಿ ನೋಡ್ರಿ, ಬಿಸಿ ಅದಾವ.” ಅತ್ತೆಗೆ ಮರಾಠಿ ಬರುವುದಿಲ್ಲ ಅಂತಲ್ಲ. ಸೊಲ್ಲಾಪುರ ಜಿಲ್ಲೆಯಲ್ಲಿ ಬಾಳಿ ಮರಾಠಿ ಬಾರದವರು ಎಲ್ಲಿದ್ದಾರೆ? ಆದರೆ ಮರಾಠಿಯಲ್ಲಿ ಮಾಡಿದ ವ್ಯವಹಾರವನ್ನು ಹೊಸ್ತಿಲ ಹೊರಗೇ ಬಿಟ್ಟು ಬರಬೇಕು, ಯಾರೂ ಅದನ್ನು ಒಳಗೆ ಕೆದಕಬಾರದು ಎಂಬ ಒಪ್ಪಂದ ಎಲ್ಲ ಮನೆಗಳಲ್ಲೂ ಇದೆ.

ಈ ಊರಿನ ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. 1956ರಲ್ಲಿ ರಾಜ್ಯಗಳು ವಿಂಗಡವಾದಾಗ ನಾವು ಮುಂಬಯಿ ರಾಜ್ಯದಲ್ಲಿ ಉಳಿದೆವು, 1960ರಲ್ಲಿ ಅದು ಮಹಾರಾಷ್ಟ್ರವಾಯಿತು. 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗ ಅಕ್ಕಲಕೋಟೆಯನ್ನು ಆಗಿನ ಮೈಸೂರಿಗೆ ಕೊಡಬೇಕೆಂದು ಶಿಫಾರಸು ಮಾಡಿತು. ಶಿಫಾರಸು ಕಾಗದದಲ್ಲಿದೆ, ನಾವು ಇಲ್ಲಿದ್ದೇವೆ. ತಹಶೀಲಿ, ಬ್ಯಾಂಕು, ಎಸ್‌.ಟಿ. ಬಸ್ಸಿನ ಕಂಡಕ್ಟರು, ಗ್ಯಾಸಿನ ಫೋನು ಎಲ್ಲವೂ ಮರಾಠಿಯಲ್ಲಿ ನಡೆಯುತ್ತವೆ. ಹೀಗೆ ಒಂದೊಂದೇ ಜಾಗ ಬಿಟ್ಟುಕೊಡುತ್ತ ಬಂದ ಮೇಲೆ ಅಡುಗೆಮನೆಯೊಂದಾದರೂ ಪೂರ್ತಿ ಕನ್ನಡದ್ದು ಎಂದು ಗಂಡಸರು ನಂಬಿಕೊಂಡರು. ಆ ನಂಬಿಕೆಯನ್ನು ಹೊರುವ ಕೆಲಸ ಮಾತ್ರ ಹೆಂಗಸರಿಗೆ ಬಂತು. ಬೇರೆ ಊರುಗಳಲ್ಲಿ ಪ್ಯಾಕೆಟ್ ಮಸಾಲೆ ತಂದರೆ ಸೋಮಾರಿತನ ಅನ್ನುತ್ತಾರೆ, ನಮ್ಮಲ್ಲಿ ಅದು ಸಂಸ್ಕೃತಿಗೆ ಬಗೆದ ದ್ರೋಹ!

ರೊಟ್ಟಿಯ ವಿಷಯಕ್ಕೆ ಬರೋಣ. ಜೋಳದಲ್ಲಿ ಗೋಧಿಯ ಹಾಗೆ ಗ್ಲುಟೆನ್ ಇಲ್ಲ, ಹಿಟ್ಟು ತಾನಾಗಿ ಕೂಡಿಕೊಳ್ಳುವುದಿಲ್ಲ. ಕುದಿಯುವ ಎಸರು ಹೊಯ್ದಾಗ ಪಿಷ್ಟ ಅರ್ಧ ಬೆಂದು ಅಂಟು ಬಿಡುತ್ತದೆ. ನಾವು ಜಿಗಿ ಅನ್ನುವುದು ಅದಕ್ಕೇ. ಆಮೇಲೆ ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಬೇಕು. ಬಡಿಯುವಾಗ ರೊಟ್ಟಿ ತಾನೇ ತಿರುಗುತ್ತಿರಬೇಕು. ಹಂಚಿಗೆ ಹಾಕಿದ ಕೂಡಲೇ ಮೇಲೆ ನೀರು ಸವರಬೇಕು. ಆ ನೀರು ಪೂರ್ತಿ ಆರುವ ತನಕ ಕಾದರೆ ರೊಟ್ಟಿ ಸೀಳುತ್ತದೆ, ಆರುವ ಮೊದಲೇ ಮಗುಚಿದರೆ ಹಂಚಿಗೆ ಹತ್ತುತ್ತದೆ. ಏಪ್ರಿಲ್ ತಿಂಗಳ ಸೊಲ್ಲಾಪುರದ ಬಿಸಿಲಿನಲ್ಲಿ, ತಗಡಿನ ಮಾಡಿನ ಕೆಳಗೆ, ಮನೆಮಂದಿಗೆಲ್ಲ ಇದನ್ನು ಎರಡು ಹೊತ್ತು ಮಾಡಿದವಳಿಗೆ ಅಡ್ಡದಾರಿ ಹುಡುಕುವ ಹಕ್ಕು ಬಂದೇ ಬರುತ್ತದೆ.

ಅಡ್ಡದಾರಿಗಳೇನು ಕಡಿಮೆಯೇ? ಹಿಡಿ ಗೋಧಿ ಹಿಟ್ಟು ಬೆರೆಸಿ ಲಟ್ಟಿಸುವವರಿದ್ದಾರೆ. ಹಾಲಿನ ಪ್ಯಾಕೆಟ್ ಕತ್ತರಿಸಿ ತೊಳೆದಿಟ್ಟುಕೊಂಡು, ಅದರ ಎರಡು ಹಾಳೆಗಳ ನಡುವೆ ಉಂಡೆಯಿಟ್ಟು ತಾಟಿನಿಂದ ಒತ್ತುವವರಿದ್ದಾರೆ. ಲಟ್ಟಿಸಿದ ರೊಟ್ಟಿಯ ಅಂಚು ದುಂಡಗೆ, ನುಣ್ಣಗೆ ಬರುತ್ತದೆ. ಬಡಿದದ್ದರ ಅಂಚಿನಲ್ಲಿ ಸಣ್ಣ ಸಣ್ಣ ಬಿರುಕು ಇರುತ್ತವೆ. ಹಿಂದಿನ ತಲೆಮಾರಿನ ಹೆಂಗಸರು ಅಂಚು ನೋಡಿಯೇ ತೀರ್ಪು ಕೊಡುತ್ತಿದ್ದರು. ಇದು ಗೊತ್ತಿರುವ ನಮ್ಮ ಓಣಿಯ ಜಾಣೆಯೊಬ್ಬಳು ಲಟ್ಟಿಸಿ ಆದ ಮೇಲೆ ಹೆಬ್ಬೆರಳಿನಿಂದ ಅಂಚನ್ನು ಅಲ್ಲಲ್ಲಿ ತುಸು ಒಡೆಯುತ್ತಾಳೆ. ಅಷ್ಟು ಹೊತ್ತಿನಲ್ಲಿ ಒಂದು ರೊಟ್ಟಿ ಬಡಿದೇ ಬಿಡಬಹುದು ಅಂದರೆ “ಹಂಗಲ್ಲ ವೈನಿ, ಬಡಿಯೂದಕ್ಕ ಭುಜಾ ಬೇಕು, ಇದಕ್ಕ ಬೆರಳು ಸಾಕು” ಅನ್ನುತ್ತಾಳೆ. ನನಗೆ ಉತ್ತರ ಹೊಳೆಯಲಿಲ್ಲ.

ಇವುಗಳಲ್ಲಿ ಯಾವುದನ್ನೂ ನಾನು ತಪ್ಪು ಅನ್ನುವುದಿಲ್ಲ. ರೊಟ್ಟಿಯನ್ನು ನಿಜವಾಗಿ ಕೆಡಿಸುವ ಅಡ್ಡದಾರಿ ಒಂದೇ, ಅದರ ಬಗ್ಗೆ ಮಾತ್ರ ಯಾರೂ ನಾಚುವುದಿಲ್ಲ: ತಿಂಗಳಿಗಾಗುವಷ್ಟು ಜೋಳವನ್ನು ಒಮ್ಮೆಗೇ ಬೀಸಿಸಿ ಇಡುವುದು. ಕಾಳಿನ ಮೊಳಕೆಯ ಭಾಗದಲ್ಲಿ ಎಣ್ಣೆಯಂಶ ಇರುತ್ತದೆ. ಬೀಸಿದ ಮೇಲೆ ಗಾಳಿಗೆ ಅದು ಕೆಡುತ್ತ ಹೋಗಿ ಹಿಟ್ಟು ಕಹಿಯಾಗುತ್ತದೆ, ಜಿಗಿ ಹೋಗುತ್ತದೆ. ಜಿಗಿ ಹೋದ ಹಿಟ್ಟು ಬಡಿದರೆ ಹರಿಯುತ್ತದೆ. ಅದಕ್ಕೆ ಗೋಧಿ ಹಿಟ್ಟು ಬೇಕು, ಗೋಧಿ ಬಿದ್ದ ಮೇಲೆ ಲಟ್ಟಣಿಗೆ ಬೇಕು, ಲಟ್ಟಣಿಗೆ ಬಂದ ಮೇಲೆ ಅಂಚು ಒಡೆಯಬೇಕು. ನಾವಿರುವುದು ಜೋಳದ ಸೀಮೆಯಲ್ಲಿ ಅನ್ನುವುದನ್ನಾದರೂ ನೆನಪಿಡಬೇಡವೇ? ಮಾಲದಂಡಿ ಜೋಳದ ಪ್ರಸಿದ್ಧ ತಳಿ ಎಂ 35-1 ಅನ್ನು ಆರಿಸಿದ್ದು ಇದೇ ಜಿಲ್ಲೆಯ ಮೋಹೋಳದಲ್ಲಿ. ಮಂಗಳವೇಢೆಯ ಜೋಳಕ್ಕೆ 2016ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆಯೂ ಸಿಕ್ಕಿತು. ಅಂಥ ಜೋಳ ತಂದು, ಬೀಸಿಸಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಗ್ಗಲು ಬಿಟ್ಟು, ರೊಟ್ಟಿ ಹರಿದಾಗ ಸೊಸೆಯ ಕೈಯನ್ನು ಬೈಯುವ ಮನೆಗಳನ್ನು ಕಂಡಿದ್ದೇನೆ. ವಾರಕ್ಕೊಮ್ಮೆ ಗಿರಣಿಗೆ ಹೋಗಬೇಕಾದವರು ಆ ಮನೆಯ ಗಂಡಸರು.

ಹಾಗೆ ನೋಡಿದರೆ ಈ ಸೀಮೆಯ ಹಳೆಯ ಅಡುಗೆಯಲ್ಲೇ ಅರ್ಧ ಪಾಲು ಅಡ್ಡದಾರಿ. ಖಡಕ್ ರೊಟ್ಟಿ ಹುಟ್ಟಿದ್ದಾದರೂ ಯಾಕೆ? ಒಂದು ದಿನ ಮೈಮುರಿದು ಬಡಿದು ಒಣಗಿಸಿಟ್ಟರೆ ಮುಂದೆ ಹಲವು ದಿನ ಒಲೆಯ ಮುಂದೆ ಕೂರುವುದು ತಪ್ಪುತ್ತದೆ ಅಂತ. ಪಂಢರಪುರದ ವಾರಿಗೆ, ಸಂಕ್ರಾಂತಿಯಲ್ಲಿ ಸೊಲ್ಲಾಪುರದ ಸಿದ್ಧರಾಮೇಶ್ವರನ ಗಡ್ಡಾ ಜಾತ್ರೆಗೆ ಗಂಟಿನಲ್ಲಿ ಕಟ್ಟಿಕೊಂಡು ಹೋಗಲೂ ಅವೇ ಆಗುತ್ತಿದ್ದವು. ಯೇಸರ್ ಇನ್ನೂ ಚೆನ್ನಾಗಿದೆ. ಧಾನ್ಯ, ಬೇಳೆ, ಮಸಾಲೆ ಹುರಿದು ಬೀಸಿಟ್ಟ ಪುಡಿ ಅದು. ಹೊತ್ತಲ್ಲದ ಹೊತ್ತಿನಲ್ಲಿ ನೆಂಟರು ಬಂದಿಳಿದರೆ ಕುದಿಯುವ ನೀರಿಗೆ ಕಲಸಿ ಹಾಕಿ ಒಗ್ಗರಣೆ ಕೊಟ್ಟರೆ ಆಮಟಿ. ಇವತ್ತು ಪ್ಯಾಕೆಟ್ಟಿನ ಸಾರಿನ ಪುಡಿಯನ್ನು ಬೈಯುವವರು ಯೇಸರ್ ಆಮಟಿಯನ್ನು ಪರಂಪರೆ ಅಂತ ಸುರಿದುಕೊಂಡು ಉಣ್ಣುತ್ತಾರೆ. ಎರಡಕ್ಕೂ ಇರುವ ವ್ಯತ್ಯಾಸ, ಹುರಿದವಳು ಯಾರು ಅನ್ನುವುದಷ್ಟೇ.

ಇನ್ನು ಶೇಂಗಾದ ಕೂಟು. ಹುರಿದು, ಸಿಪ್ಪೆ ಉಜ್ಜಿ ತೂರಿ, ತರಿತರಿಯಾಗಿ ಪುಡಿಮಾಡಿ ಡಬ್ಬಿ ತುಂಬಿಟ್ಟ ಶೇಂಗಾ. ನಮ್ಮ ಕಡೆಯ ಅಡುಗೆಮನೆಯಲ್ಲಿ ಎಲ್ಲ ಪಾಪಗಳನ್ನೂ ತೊಳೆಯುವ ತೀರ್ಥ ಇದು. ಪಲ್ಯದಲ್ಲಿ ನೀರು ಹೆಚ್ಚಾಯಿತೇ, ಒಂದು ಹಿಡಿ ಕೂಟು. ಖಾರ ಹೆಚ್ಚಾಯಿತೇ, ಇನ್ನೊಂದು ಹಿಡಿ. ಬದನೆಕಾಯಿಗೆ ತುಂಬುವ ಮಸಾಲೆ ಅರೆಯಲು ಹೊತ್ತಿಲ್ಲವೇ? ಕೂಟು, ಖಾರಪುಡಿ, ಉಪ್ಪು ಕಲಸಿ ತುಂಬಿದರಾಯಿತು, ಉಂಡವರು ಚಕಾರ ಎತ್ತುವುದಿಲ್ಲ. ಸಾಬುದಾಣಿ ಖಿಚಡಿಗೆ, ಸೌತೆಕಾಯಿಯ ಕೋಸಂಬರಿಗೆ, ಏನೂ ಇಲ್ಲದ ದಿನ ಮೊಸರಿನ ಜೊತೆ ಬರೀ ರೊಟ್ಟಿಗೆ. ನನ್ನ ಅಡುಗೆ ಹೊಗಳಿಸಿಕೊಂಡ ದಿನಗಳಲ್ಲಿ ಹೆಚ್ಚಿನವು ಕೂಟಿನ ದಿನಗಳು. ಅದನ್ನು ಹೊಗಳಿದವರಿಗೆ ಹೇಳುವ ಅಗತ್ಯ ನನಗೆ ಯಾವತ್ತೂ ಕಂಡಿಲ್ಲ.

ಮಸಾಲಿ ಖಾರದ ಗುಟ್ಟು ಕೊಂಚ ಬೇರೆ. ಬೇಸಿಗೆಯಲ್ಲಿ ಮೆಣಸಿನಕಾಯಿ ಒಣಗಿಸಿ, ಒಣಕೊಬ್ಬರಿ, ಉಳ್ಳಾಗಡ್ಡಿ, ಕಲ್ಲುಹೂವು, ಲವಂಗ, ಚಕ್ಕೆ ಎಲ್ಲ ಬೇರೆ ಬೇರೆ ಹುರಿದು ಕುಟ್ಟಿಸಿ ತರುವುದು ವರ್ಷದ ದೊಡ್ಡ ಕೆಲಸ. ಈಗ ಅದೇ ಪುಡಿ ‘ಕಾಳಾ ಮಸಾಲಾ’ ಅಂತ ಮರಾಠಿ ಅಕ್ಷರ ಹೊತ್ತ ಪ್ಯಾಕೆಟ್ಟಿನಲ್ಲಿ ಬರುತ್ತದೆ. ಮನೆಗೆ ಬಂದ ಗಳಿಗೆಗೇ ಹಳೆಯ ಹಾರ್ಲಿಕ್ಸ್ ಬಾಟಲಿಗೆ ಸುರಿಯಬೇಕು. ಖಾಲಿ ಪ್ಯಾಕೆಟ್ಟನ್ನು ಕಸದ ಡಬ್ಬಿಯ ತಳಕ್ಕೆ ಒತ್ತಿ, ಮೇಲೆ ಉಳ್ಳಾಗಡ್ಡಿ ಸಿಪ್ಪೆ ಹಾಕಬೇಕು. ಬಾಟಲಿಯ ಮೇಲೆ ಅಕ್ಷರವಿಲ್ಲ, ಆದ್ದರಿಂದ ಅದು ನಮ್ಮದು.

ಕಳೆದ ಸಲ ಎಳ್ಳಮಾಸಿಗೆ ಹೊಲದಲ್ಲಿ ಚರಗ ಚೆಲ್ಲಿ ಎಲ್ಲರೂ ಊಟಕ್ಕೆ ಕೂತಾಗ, ಭಾಷೆಯ ಕೆಲಸಕ್ಕಾಗಿ ಸಭೆಗಳಲ್ಲಿ ಓಡಾಡುವ ಹಿರಿಯರೊಬ್ಬರು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಮುರಿದು, ಕನ್ನಡ ಉಳಿದಿರುವುದು ನಮ್ಮ ತಾಯಂದಿರ ಕೈಯಲ್ಲಿ ಅಂತ ಬಹಳ ಹೊತ್ತು ಮಾತಾಡಿದರು. ಭಜ್ಜಿ, ಅಂಬಲಿ, ಶೇಂಗಾ ಹೋಳಿಗೆ ಬಡಿಸುತ್ತಿದ್ದ ತಾಯಂದಿರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನೋಡಿದ್ದರೆ ನಗು ಬರುತ್ತಿತ್ತು. ಓಣಿಯ ನಾಲ್ಕಾರು ಮನೆಗಳಿಗೆ ಸೇರಿಸಿ ರೊಟ್ಟಿ ಬಂದದ್ದು ಒಂದೇ ಬಚತ ಗಟದಿಂದ, ಅಂದರೆ ಹೆಂಗಸರ ಸ್ವಸಹಾಯ ಗುಂಪಿನಿಂದ. 2023ರಲ್ಲಿ ಸಿರಿಧಾನ್ಯ ವರ್ಷ ಅಂತ ಎಲ್ಲೆಡೆ ಜೋಳ, ಸಜ್ಜೆಗಳ ಗುಣಗಾನ ನಡೆಯಿತಲ್ಲ, ಆಗಲೂ ಭಾಷಣ ಮಾಡಿದವರ ಪೈಕಿ ಎಸರಿಟ್ಟು ಗೊತ್ತಿದ್ದವರು ಎಷ್ಟೋ ನಾ ಕಾಣೆ.

ಆ ಬಚತ ಗಟದ ಮನೆಗೆ ಹೋದರೆ ಸಾಲಾಗಿ ಕೂತು ಬಡಿಯುತ್ತಿರುತ್ತಾರೆ. ಖಡಕ್ ರೊಟ್ಟಿಯ ಕಟ್ಟುಗಳು ಅಲ್ಲಿಂದ ಪುಣೆ, ಮುಂಬಯಿಗೂ ಹೋಗುತ್ತವೆ. ಬಡಿಯುವವರಲ್ಲಿ ಕೆಲವರು ಮರಾಠಿಯವರು, ಕೆಲವರು ತೆಲುಗಿನವರು, ಉಳಿದವರು ನಮ್ಮವರೇ. ಆದರೂ ವ್ಯಾಪಾರ ಮರಾಠಿಯಲ್ಲೇ ಆಗಬೇಕು. ಕೇಳುವವಳೂ ಕನ್ನಡದವಳು, ಕೊಡುವವಳೂ ಕನ್ನಡದವಳು, ಇಬ್ಬರಿಗೂ ಅದು ಗೊತ್ತು. “ಕಿತಿ ಝಾಲೆ?” “ಸಾಠ ರುಪಯೆ.” ಚಿಲ್ಲರೆ ಸಿಗದಿದ್ದಾಗ ಮಾತ್ರ ಕೊಡುವವಳ ಬಾಯಿಂದ “ಅಯ್ಯ ಯವ್ವಾ, ಸುಟ್ಟಿ ಇಲ್ಲಲ್ಲ” ಅಂತ ಬಂದುಬಿಡುತ್ತದೆ. ಅಲ್ಲಿಂದ ಮುಂದೆ ಕನ್ನಡ. ಯಾವ ಊರು, ಯಾರ ಮನೆ, ಮಗಳನ್ನು ಎಲ್ಲಿಗೆ ಕೊಟ್ಟಿದ್ದೀರಿ ಎಲ್ಲ ಆಗುತ್ತದೆ. ಅಂಥದ್ದೇ ಒಂದು ಸಂಜೆ, ಇಷ್ಟು ತೆಳ್ಳಗೆ ಬಡಿಯುವವಳ ಮನೆಯ ಊಟ ಹೇಗಿದ್ದೀತು ಎಂಬ ಆಸೆಯಿಂದ ಕೇಳಿದೆ, “ನಿಮ್ಮ ಮನ್ಯಾಗ ರೊಟ್ಟಿ ನೀವೇ ಬಡೀತೀರೇನು ಅಕ್ಕಾ?”

“ಎಲ್ಲೀದ್ರೀ,” ಅಂದಳು ಕೈಯ ಹಿಟ್ಟು ಉದುರಿಸುತ್ತ. “ಮುಂಜಾನಿಂದ ಇಲ್ಲಿ ಬಡದು ಮತ್ತ ಮನಿಗಿ ಹೋಗಿ ಯಾರ್ ಬಡೀತಾರ? ಕುಕ್ಕರಿನ್ಯಾಗ ಅನ್ನಾ ಇಟ್ಟು, ನೀರಿಗಿ ಯೇಸರ್ ಕಲಸಿಬಿಡ್ತೀನಿ.”